ಕಾಗದದ ವಿಮಾನ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿ, ಹಾವೇರಿ ಜಿಲ್ಲೆಯ ಗಳಗನಾಥವೆಂಬ ಗ್ರಾಮವಿದೆ. ಅಲ್ಲಿ ನದಿಯ ದಂಡೆಯ ಮೇಲೆ ಕಲ್ಯಾಣದ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ನಿಂತಿದೆ. ಬುಡದಲ್ಲಿ ಹರವಾಗಿದ್ದು ಮೇಲೇರುತ್ತ ಕಿರಿದಾಗುವ ಅದರ ಭಾರಿ ಪೀಠವನ್ನು ಕಂಡವರು, ಇಷ್ಟು ದೊಡ್ಡ ಕಲ್ಲಿನ ರಾಶಿಯನ್ನು ಹೀಗೆ ಒಪ್ಪವಾಗಿ ಜೋಡಿಸಬೇಕಾದರೆ ಕಟ್ಟಿದವರ ಮನಸ್ಸಿನಲ್ಲಿ ಅದರ ರೂಪವು ಮೊದಲೇ ಎಷ್ಟು ಸ್ಪಷ್ಟವಾಗಿದ್ದಿರಬೇಕು ಎಂದು ಬೆರಗಾಗುತ್ತಾರೆ. ಅದೇ ಕಾಲದ ಶಿಲ್ಪಿಗಳಿಗೆ ದೊಡ್ಡದನ್ನು ಕಿರಿದಾಗಿಸಿ ತೋರಿಸುವ ಕಲೆಯೂ ಚೆನ್ನಾಗಿ ತಿಳಿದಿತ್ತು. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಹೊರಗೋಡೆಗಳನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಅಲ್ಲಿ ಕಂಬಗಳ ತಲೆಯ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕಂಡರಿಸಿದ್ದಾರೆ. ದೊಡ್ಡ ಗುಡಿಯ ಅಂತಸ್ತು, ಚಾಚು, ಕಳಸಗಳೆಲ್ಲವೂ ಆ ಚಿಕ್ಕ ಗುಡಿಗಳಲ್ಲಿಯೂ ಕ್ರಮವಾಗಿ ಮೂಡಿವೆ. ಗುಡಿಯ ಗೋಡೆಯ ಮೇಲೆಯೇ ಗುಡಿಯ ಮಾದರಿಯಿದೆ!

ದೊಡ್ಡ ವಸ್ತುವಿನ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ರಚಿಸಿದ ಚಿಕ್ಕ ವಸ್ತುವಿಗೆ ಪ್ರಮಾಣಬದ್ಧ ಮಾದರಿಯೆಂದು ಹೆಸರು. ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸವು ಈ 'ಒಂದೇ ಪ್ರಮಾಣ' ಎಂಬ ಮಾತಿನಲ್ಲಿ ಅಡಗಿದೆ. ಜಾತ್ರೆಯಲ್ಲಿ ಕೊಂಡ ತಗಡಿನ ವಿಮಾನಕ್ಕೆ ರೆಕ್ಕೆ ಗಿಡ್ಡವಾಗಿದ್ದರೂ ಬಾಲ ದಪ್ಪವಾಗಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ಮಾದರಿಯು ಹಾಗಲ್ಲ. ಅದು ಮೂಲವಸ್ತುವಿಗೆ ಲೆಕ್ಕ ಒಪ್ಪಿಸಬೇಕು. ಆದುದರಿಂದಲೇ ಮಾದರಿಯನ್ನು ಮಾಡುವವನು ವಸ್ತುವನ್ನು ಕೇವಲ ನೋಡಿದರೆ ಸಾಲದು. ಅಳೆದು, ಎಣಿಸಿ, ಅರಿತು ನೋಡಬೇಕು.

ಜಗತ್ತಿನ ಅನೇಕ ದೇಶಗಳಲ್ಲಿ ಬಾಲಕರೂ ಹಿರಿಯರೂ ಕಾಗದದಿಂದ ವಿಮಾನಗಳ ಪ್ರಮಾಣಬದ್ಧ ಮಾದರಿಗಳನ್ನು ಮಾಡುತ್ತಾರೆ. ಪುಸ್ತಕದ ಹಾಳೆಯನ್ನು ಮಡಿಚಿ ತರಗತಿಯಲ್ಲಿ ಹಾರಿಬಿಡುವ ವಿಮಾನದ ಮಾತಲ್ಲ ಇದು. ನೂರಾರು ತುಣುಕುಗಳನ್ನು ಕತ್ತರಿಸಿ, ಬಾಗಿಸಿ, ಅಂಟಿಸಿ, ನಿಜವಾದ ವಿಮಾನದ ರೂಪವನ್ನು ಮೇಜಿನ ಮೇಲೆ ನಿಲ್ಲಿಸುವ ಕೆಲಸವಿದು. ಇಂಥ ಮಾದರಿಗಳಿಗೆ ಸಾಮಾನ್ಯವಾಗಿ ೧:೩೩ ಎಂಬ ಪ್ರಮಾಣವನ್ನು ಬಳಸುವ ರೂಢಿಯಿದೆ. ನಿಜವಾದ ವಿಮಾನದಲ್ಲಿ ೩೩ ಸೆಂಟಿಮೀಟರ್ ಇರುವುದು ಮಾದರಿಯಲ್ಲಿ ೧ ಸೆಂಟಿಮೀಟರ್ ಆಗುತ್ತದೆ ಎಂದು ಇದರ ಅರ್ಥ. ಕಾಗದವು ಎಲ್ಲೆಡೆ ದೊರೆಯುತ್ತದೆ. ಕತ್ತರಿ, ಅಳತೆಪಟ್ಟಿ, ಕೈವಾರ, ರಟ್ಟು, ಅಂಟು - ಇವಿಷ್ಟಿದ್ದರೆ ಕಾರ್ಖಾನೆ ಸಿದ್ಧ. ಉಳಿದುದಕ್ಕೆ ತಾಳ್ಮೆಯೇ ಬಂಡವಾಳ.

ಎರಡನೆಯ ಮಹಾಯುದ್ಧದ ಕಾಲದ ಒಂದು ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜರ್ಮನಿಯ ಫೋಕೆ-ವುಲ್ಫ್ ಸಂಸ್ಥೆಯು ನಿರ್ಮಿಸಿದ ಅದರ ಹೆಸರು ಟಾ-೧೫೪. ಆಕಾಶದಲ್ಲಿ ಶತ್ರುವಿಮಾನಗಳೊಡನೆ ಸೆಣಸುವ ವಿಮಾನಗಳಲ್ಲಿ ಹಲವು ಒಂದೇ ಎಂಜಿನ್ನಿನ, ಒಬ್ಬನೇ ಚಾಲಕನ ಹಗುರವಾದ ವಿಮಾನಗಳು. ಎರಡು ಎಂಜಿನ್ನುಗಳೂ ಹೆಚ್ಚು ಇಂಧನವೂ ಭಾರಿ ಆಯುಧಗಳೂ ಉಳ್ಳ ದೊಡ್ಡ ಜಾತಿಯವನ್ನು ಭಾರಿ ಕಾಳಗದ ವಿಮಾನಗಳೆನ್ನುತ್ತಾರೆ. ರಾತ್ರಿಯಲ್ಲಿ ಜರ್ಮನಿಯ ನಗರಗಳ ಮೇಲೆ ಬಾಂಬು ಹಾಕಲು ಬರುತ್ತಿದ್ದ ಬ್ರಿಟಿಷ್ ವಿಮಾನಗಳನ್ನು ತಡೆಯುವುದಕ್ಕಾಗಿ ಟಾ-೧೫೪ ಹುಟ್ಟಿತು. ಅದರಲ್ಲಿ ಚಾಲಕನೊಬ್ಬ, ರೇಡಾರ್ ನೋಡುವವನೊಬ್ಬ, ಹೀಗೆ ಇಬ್ಬರಿಗೆ ಸ್ಥಳವಿತ್ತು. ಅದರ ಮುಖ್ಯ ವಿಶೇಷವೆಂದರೆ ಅದರ ಬಹುಭಾಗವು ಮರದಿಂದ ಮಾಡಿದುದಾಗಿತ್ತು. ಯುದ್ಧದಲ್ಲಿ ಲೋಹದ ಅಭಾವವು ತಲೆದೋರಿದಾಗ ಮರಗೆಲಸದವರ ಕೈಯಿಂದಲೂ ವಿಮಾನ ಮಾಡಿಸಬಹುದೆಂಬುದು ಆಗಿನ ಲೆಕ್ಕಾಚಾರವಾಗಿತ್ತು. ಇಂಗ್ಲೆಂಡಿನವರು ಅದಕ್ಕೂ ಮೊದಲೇ 'ಮಸ್ಕಿಟೊ' ಎಂಬ ಮರದ ವಿಮಾನವನ್ನು ಹಾರಿಸಿ ಯಶಸ್ವಿಯಾಗಿದ್ದರು.

ಟಾ-೧೫೪ರ ರೆಕ್ಕೆಗಳ ಹರವು ಸುಮಾರು ೧೬ ಮೀಟರ್. ಅದನ್ನು ೩೩ರಿಂದ ಭಾಗಿಸಿದರೆ ಸುಮಾರು ೪೮ ಸೆಂಟಿಮೀಟರ್ ಬರುತ್ತದೆ. ಅಂದರೆ ಮೊಳಕ್ಕಿಂತ ತುಸು ಉದ್ದದ ಮಾದರಿ. ಅದರ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ: ಮೇಲಿನಿಂದ, ಪಕ್ಕದಿಂದ, ಎದುರಿನಿಂದ. ಈ ಮೂರು ಚಪ್ಪಟೆ ಚಿತ್ರಗಳಿಂದ ಒಂದು ದುಂಡನೆಯ ವಸ್ತುವನ್ನು ಕಲ್ಪಿಸಿಕೊಳ್ಳುವುದೇ ಮಾದರಿಕಾರನ ಮೊದಲನೆಯ ಪರೀಕ್ಷೆ.

ಎರಡನೆಯ ಪರೀಕ್ಷೆಯನ್ನು ಕಾಗದವೇ ಒಡ್ಡುತ್ತದೆ. ಕಾಗದವು ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ. ಒಂದೇ ಸಲಕ್ಕೆ ಎರಡು ದಿಕ್ಕಿನಲ್ಲಿ ಬಾಗಲಾರದು. ಹಾಳೆಯನ್ನು ಸುರುಳಿ ಸುತ್ತಿ ಕೊಳವೆ ಮಾಡಬಹುದು. ಅಂಗಡಿಯವನಂತೆ ಕಡಲೆಯ ಪೊಟ್ಟಣವನ್ನೂ ಕಟ್ಟಬಹುದು. ಆದರೆ ಅದೇ ಹಾಳೆಯಿಂದ ಒಂದು ಚೆಂಡನ್ನು ಸುಕ್ಕಿಲ್ಲದಂತೆ ಮುಚ್ಚಲು ಸಾಧ್ಯವಿಲ್ಲ. ಭೂಗೋಳದ ನಕ್ಷೆಯನ್ನು ಬರೆಯುವವರು ಎದುರಿಸುವ ತೊಡಕೂ ಇದೇ ಆಗಿದೆ. ವಿಮಾನದ ನಡುಭಾಗವು ಬಹುಮಟ್ಟಿಗೆ ಕೊಳವೆಯಂತಿರುವುದರಿಂದ ಅಲ್ಲಿ ಕಷ್ಟವಿಲ್ಲ. ಮೂಗಿನ ಭಾಗವು ಮಾತ್ರ ಮೊಟ್ಟೆಯ ತುದಿಯಂತೆ ದುಂಡಾಗಿರುತ್ತದೆ. ಅದನ್ನು ಹಲವು ಕಿರಿದಾದ ಉಂಗುರಗಳಾಗಿ ವಿಂಗಡಿಸಿ, ಪ್ರತಿ ಉಂಗುರವನ್ನೂ ಶಂಕುವಿನ ಒಂದು ತುಂಡೆಂದು ಭಾವಿಸಿ ಕತ್ತರಿಸುತ್ತಾರೆ. ಉಂಗುರಗಳು ಹೆಚ್ಚಿದಷ್ಟೂ ಮೂಗು ನಯವಾಗಿ ಕಾಣುತ್ತದೆ. ಕೆಲಸವೂ ಅಷ್ಟೇ ಹೆಚ್ಚುತ್ತದೆ.

ಇಲ್ಲಿ ಶಾಲೆಯಲ್ಲಿ ಕಲಿತ ರೇಖಾಗಣಿತವು ಕೈಗೆ ಬರುತ್ತದೆ. ಬುಡದ ತ್ರಿಜ್ಯ ೨ ಸೆಂಟಿಮೀಟರ್, ಓರೆ ಎತ್ತರ ೬ ಸೆಂಟಿಮೀಟರ್ ಇರುವ ಶಂಕುವೊಂದು ಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಕೈವಾರದಿಂದ ೬ ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ಎಳೆಯಬೇಕು. ಅದರಲ್ಲಿ ಎಷ್ಟು ಭಾಗವನ್ನು ಕತ್ತರಿಸಿಕೊಳ್ಳಬೇಕು? ೨ನ್ನು ೬ರಿಂದ ಭಾಗಿಸಿ ೩೬೦ರಿಂದ ಗುಣಿಸಿದರೆ ೧೨೦ ಎಂದು ಬರುತ್ತದೆ. ೧೨೦ ಅಂಶಗಳ ಆ ಭಾಗವನ್ನು ಕತ್ತರಿಸಿ, ಅಂಚುಗಳನ್ನು ಕೂಡಿಸಿದರೆ ಬೇಕಾದ ಶಂಕು ದೊರೆಯುತ್ತದೆ. ಪುಸ್ತಕದಲ್ಲಿ ಒಣ ಸೂತ್ರವಾಗಿದ್ದುದು ಬೆರಳುಗಳ ನಡುವೆ ವಿಮಾನದ ಮೂಗಾಗಿ ನಿಂತಾಗ, ಆ ಸೂತ್ರವನ್ನು ಯಾವ ವಿದ್ಯಾರ್ಥಿಯೂ ಮರೆಯಲಾರನು.

ಬರಿಯ ಹೊರಹೊದಿಕೆಯಿಂದ ಮಾದರಿಯು ನಿಲ್ಲುವುದಿಲ್ಲ. ಒಳಗೆ ಎಲುಬು ಬೇಕು. ಸುಮಾರು ೧ ಮಿಲಿಮೀಟರ್ ದಪ್ಪದ ರಟ್ಟಿನಿಂದ ಒಡಲಿನ ಅಡ್ಡಗೀಳಿನ ಆಕಾರದ ಬಿಲ್ಲೆಗಳನ್ನು ಕತ್ತರಿಸಿ, ಉದ್ದನೆಯ ಒಂದು ಬೆನ್ನುಪಟ್ಟಿಗೆ ಅವುಗಳನ್ನು ಅಂತರ ತಪ್ಪದಂತೆ ಕೂರಿಸುತ್ತಾರೆ. ರೆಕ್ಕೆಯೊಳಗೂ ಹೀಗೆಯೇ ಉದ್ದಕ್ಕೊಂದು ತೊಲೆ, ಅಡ್ಡಕ್ಕೆ ಪಕ್ಕೆಲುಬುಗಳು. ನಿಜವಾದ ವಿಮಾನದ ಒಳರಚನೆಯೂ ಇದೇ ಬಗೆಯದು. ಬಿಲ್ಲೆಯೊಂದು ಕೂದಲೆಳೆಯಷ್ಟು ದೊಡ್ಡದಾದರೆ ಹೊದಿಕೆಯ ಅಂಚುಗಳು ಕೂಡುವುದಿಲ್ಲ. ಚಿಕ್ಕದಾದರೆ ಹೊದಿಕೆ ಒಳಕ್ಕೆ ಕುಸಿಯುತ್ತದೆ. ಆದುದರಿಂದ ಅಂಟು ಹಚ್ಚುವುದಕ್ಕೆ ಮೊದಲು ಪ್ರತಿಯೊಂದು ತುಣುಕನ್ನೂ ಒಣದಾಗಿಯೇ ಜೋಡಿಸಿ ನೋಡಬೇಕು. 'ಎರಡು ಸಲ ಅಳೆ, ಒಂದು ಸಲ ಕತ್ತರಿಸು' ಎಂಬ ಬಡಗಿಯ ನಿಯಮವು ಇಲ್ಲಿಯೂ ಸಲ್ಲುತ್ತದೆ.

ಮಡಿಕೆ ಬೀಳಬೇಕಾದ ಗೆರೆಯ ಮೇಲೆ ಮಸಿ ತೀರಿದ ಪೆನ್ನಿನ ತುದಿಯನ್ನು ಅಳತೆಪಟ್ಟಿಯ ಆಸರೆಯಲ್ಲಿ ಒತ್ತಿ ಎಳೆದರೆ ಕಾಗದವು ಅಲ್ಲಿಯೇ ನೇರವಾಗಿ ಮಡಿಯುತ್ತದೆ. ದುಂಡಗೆ ಬಾಗಬೇಕಾದ ತುಣುಕನ್ನು ಒಂದು ದುಂಡು ಪೆನ್ಸಿಲ್ಲಿನ ಮೇಲೆ ಮೆಲ್ಲನೆ ಉರುಳಿಸಿ ಮೊದಲೇ ಬಾಗಿಸಿಕೊಳ್ಳಬೇಕು. ಬಾಗದ ಕಾಗದವನ್ನು ಅಂಟಿನ ಬಲದಿಂದ ಬಾಗಿಸಹೊರಟರೆ ಅದು ಇಂದಲ್ಲ ನಾಳೆ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದ ಅಂಚುಗಳಲ್ಲಿ ಕಾಗದದ ಬಿಳುಪು ಇಣುಕುವುದರಿಂದ, ಅಂಟಿಸುವ ಮೊದಲೇ ಆ ಅಂಚಿಗೆ ಹೊದಿಕೆಯ ಬಣ್ಣವನ್ನು ಹಚ್ಚಬೇಕು. ಎಡ ರೆಕ್ಕೆಯೂ ಬಲ ರೆಕ್ಕೆಯೂ ಎದುರಿನಿಂದ ನೋಡಿದಾಗ ಒಂದೇ ಕೋನದಲ್ಲಿ ಏರಿರಬೇಕು. ಒಂದು ಬದಿ ತಗ್ಗಿದರೆ ಇಡೀ ವಿಮಾನವೇ ಕುಂಟಿದಂತೆ ತೋರುತ್ತದೆ.

ಟಾ-೧೫೪ರ ಮಾದರಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಅದಕ್ಕೆ ಎರಡು ಎಂಜಿನ್ನುಗಳ ಕೆಳಗೆ ಒಂದೊಂದು ಗಾಲಿಯೂ ಮೂಗಿನ ಕೆಳಗೆ ಇನ್ನೊಂದು ಗಾಲಿಯೂ ಇವೆ, ಬಾಲಕ್ಕೆ ಗಾಲಿಯಿಲ್ಲ. ನಿಜವಾದ ವಿಮಾನದಲ್ಲಿ ಎಂಜಿನ್ನು, ಆಯುಧ, ಚಾಲಕರ ಭಾರವೆಲ್ಲ ಮುಂದೆ ಬೀಳುವುದರಿಂದ ಅದು ಮೂರು ಗಾಲಿಗಳ ಮೇಲೆ ನೆಟ್ಟಗೆ ನಿಲ್ಲುತ್ತದೆ. ಕಾಗದದ ಎಂಜಿನ್ನಿಗೆ ಭಾರವೆಲ್ಲಿಯದು? ಮಾದರಿಯನ್ನು ಮುಗಿಸಿ ಮೇಜಿನ ಮೇಲಿಟ್ಟೊಡನೆ ಅದು ಬಾಲವೂರಿ ಕುಳಿತುಬಿಡುತ್ತದೆ. ಮೂಗನ್ನು ಮುಚ್ಚುವ ಮೊದಲೇ ಅದರೊಳಗೆ ಒಂದು ಕಬ್ಬಿಣದ ನಟ್ಟನ್ನೋ ನಾಲ್ಕು ಮೊಳೆಗಳನ್ನೋ ಅಂಟಿಸಿರಬೇಕಾಗಿತ್ತು! ಮುಂದೆ ಬರುವುದನ್ನು ಮೊದಲೇ ಯೋಚಿಸದವನು ಕೊನೆಯಲ್ಲಿ ತನ್ನ ಕೆಲಸವನ್ನು ತಾನೇ ಹರಿಯಬೇಕಾಗುತ್ತದೆ.

ಇನ್ನು ಅಂಟಿನ ವಿಷಯ. ನೋಡುವವರ ಕಣ್ಣಿಗೆ ಬೀಳದ ಈ ವಸ್ತುವೇ ಮಾದರಿಯ ಜೀವ. ಹೆಚ್ಚು ಹಚ್ಚಿದರೆ ಕಾಗದವು ನೆನೆದು ಸುಕ್ಕಾಗುತ್ತದೆ. ಕಡಿಮೆಯಾದರೆ ಜೋಡಣೆ ನಿಲ್ಲುವುದಿಲ್ಲ. ಒಣಗುವವರೆಗೆ ಕಾಯದೆ ಮುಂದಿನ ತುಣುಕಿಗೆ ಕೈ ಹಾಕಿದರೆ ಹಿಂದಿನದು ಜರುಗುತ್ತದೆ. ಮಳೆಗಾಲದ ತೇವದಲ್ಲಿ ಕೆಲವು ಅಂಟುಗಳು ಒಣಗಲು ತಡವಾಗುತ್ತವೆ. ಹಿಟ್ಟಿನ ಅಂಟಾದರೆ ಹುಳುಗಳಿಗೆ ಔತಣವಾಗುತ್ತದೆ. ಒಂದು ಮಾದರಿಯ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ಒಳಗಿನ ಅಂಟನ್ನು ಹೊಗಳುವವರಿಲ್ಲ. ಆದರೆ ಹತ್ತು ವರ್ಷಗಳ ಮೇಲೆ ಆ ಮಾದರಿಯು ನಿಂತಿರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಬಣ್ಣವಲ್ಲ, ಅಂಟು.

ಇದು ಕಾಗದದ ಮಾದರಿಗೆ ಮಾತ್ರ ಸಲ್ಲುವ ಮಾತಲ್ಲವೆಂಬುದನ್ನು ನಿಜವಾದ ಟಾ-೧೫೪ರ ಚರಿತ್ರೆಯೇ ಹೇಳುತ್ತದೆ. ೧೯೪೩ರ ಜುಲೈ ೧ರಂದು ಅದರ ಮೊದಲ ವಿಮಾನವು ಹಾರಿತು. ವೇಗದಲ್ಲಿಯೂ ಚುರುಕಿನಲ್ಲಿಯೂ ಅದು ಭರವಸೆಯನ್ನು ಮೂಡಿಸಿತು. ಅದರ ಮರದ ಹಲಗೆಗಳನ್ನು ಬೆಸೆಯಲು 'ಟೆಗೋ ಫಿಲ್ಮ್' ಎಂಬ ವಿಶೇಷ ಅಂಟನ್ನು ಬಳಸುತ್ತಿದ್ದರು. ವುಪ್ಪರ್ಟಾಲ್ ನಗರದಲ್ಲಿದ್ದ ಆ ಅಂಟಿನ ಕಾರ್ಖಾನೆಯು ಬ್ರಿಟಿಷರ ಬಾಂಬುದಾಳಿಯಲ್ಲಿ ನಾಶವಾಯಿತು. ಅವಸರದಲ್ಲಿ ಬೇರೊಂದು ಅಂಟನ್ನು ತಂದು ಬಳಸಿದರು. ಅದರಲ್ಲಿದ್ದ ಆಮ್ಲದ ಅಂಶವು ತಾನು ಬೆಸೆಯಬೇಕಾದ ಮರವನ್ನೇ ಒಳಗೊಳಗೆ ತಿನ್ನುತ್ತ ಬಂದಿತು. ಹೊರಗಿನಿಂದ ನೋಡುವವರಿಗೆ ಯಾವ ದೋಷವೂ ಕಾಣುತ್ತಿರಲಿಲ್ಲ. ೧೯೪೪ರ ಜೂನ್ ತಿಂಗಳಲ್ಲಿ ಹೊಸ ವಿಮಾನವೊಂದರ ರೆಕ್ಕೆಯು ಹಾರಾಟದಲ್ಲಿಯೇ ಮುರಿದು ಅದು ನೆಲಕ್ಕಪ್ಪಳಿಸಿತು.

ಆ ವಿಮಾನದ ವಿನ್ಯಾಸಕಾರರ ಹೆಸರು ಕುರ್ಟ್ ಟಾಂಕ್. 'ಟಾ' ಎಂಬುದು ಅವರ ಹೆಸರಿನ ಮೊದಲ ಅಕ್ಷರವೇ. ಸ್ವತಃ ವಿಮಾನ ಹಾರಿಸಬಲ್ಲ ಎಂಜಿನಿಯರರಾಗಿದ್ದ ಅವರು, ಅಂಟಿನ ದೋಷವು ತಿಳಿದೊಡನೆ ವಿಮಾನದ ತಯಾರಿಕೆಯನ್ನು ತಡೆದರು. ಯುದ್ಧವು ಕೈಮೀರುತ್ತಿದ್ದ ಆ ಕಾಲದಲ್ಲಿ ಜರ್ಮನಿಯ ಅಧಿಕಾರಿಗಳಿಗೆ ಇದು ದ್ರೋಹವಾಗಿ ಕಂಡಿತೆಂದೂ, ವಿಚಾರಣೆಯಲ್ಲಿ ಆ ಆರೋಪವು ನಿಲ್ಲಲಿಲ್ಲವೆಂದೂ ವಿಮಾನಗಳ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅದೇ ವರ್ಷ ಟಾ-೧೫೪ರ ಯೋಜನೆಯನ್ನು ಕೈಬಿಡಲಾಯಿತು. ಒಂದು ಕ್ರೂರ ಪ್ರಭುತ್ವದ ಸೇವೆಗೆಂದು ಹುಟ್ಟಿದ ಆ ಯಂತ್ರವು ಹೆಚ್ಚಿನ ಸಂಖ್ಯೆಯಲ್ಲಿ ಹಾರದೆ ಹೋದುದಕ್ಕೆ ಜಗತ್ತು ಮರುಗಬೇಕಾಗಿಲ್ಲ. ಆದರೆ ಅದರ ಕಥೆಯಲ್ಲಿರುವ ಎಚ್ಚರಿಕೆಯು ಎಲ್ಲ ಕಾಲಕ್ಕೂ ಸಲ್ಲುತ್ತದೆ. ಗೆದ್ದ ಪಕ್ಷದ ಮಸ್ಕಿಟೊ ವಿಮಾನಗಳೂ ಇದೇ ಪಾಠವನ್ನು ಕಲಿಯಬೇಕಾಯಿತು. ೧೯೪೪ರ ಕೊನೆಯಲ್ಲಿ, ಭಾರತ ಮತ್ತು ಬರ್ಮಾಗಳ ಬಿಸಿಲು ತೇವಗಳ ನಡುವೆ ಹಾರುತ್ತಿದ್ದ ಕೆಲವು ಮಸ್ಕಿಟೊಗಳ ರೆಕ್ಕೆಗಳಲ್ಲಿ ಅಂಟಿನ ಜೋಡಣೆ ಸಡಿಲಗೊಂಡುದು ಕಂಡುಬಂದಿತು; ಅಪಘಾತಗಳು ನಡೆದುದರಿಂದ ಅವುಗಳ ಹಾರಾಟವನ್ನೇ ನಿಲ್ಲಿಸಿ ಪರೀಕ್ಷಿಸಬೇಕಾಯಿತು.

ಯುದ್ಧ ಮುಗಿದ ಮೇಲೆ ಕುರ್ಟ್ ಟಾಂಕ್ ಕೆಲವು ವರ್ಷ ಅರ್ಜೆಂಟೀನಾದಲ್ಲಿ ಕೆಲಸ ಮಾಡಿದರು. ಅನಂತರ ಭಾರತ ಸರಕಾರದ ಆಹ್ವಾನವನ್ನು ಒಪ್ಪಿ ೧೯೫೬ರಲ್ಲಿ ಬೆಂಗಳೂರಿಗೆ ಬಂದರು. ಬೆಂಗಳೂರಿಗೆ ವಿಮಾನದ ಕೆಲಸವು ಹೊಸದಾಗಿರಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಇಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಯುದ್ಧಕಾಲದಲ್ಲಿ ಆ ಕಾರ್ಖಾನೆಯು ಅಮೆರಿಕದ ವಿಮಾನಗಳ ದುರಸ್ತಿಯ ಕೇಂದ್ರವಾಗಿತ್ತು. ಸ್ವಾತಂತ್ರ್ಯಾನಂತರ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ಎಂಬ ತರಬೇತಿಯ ವಿಮಾನವು ೧೯೫೧ರಲ್ಲಿ ಹಾರಿತ್ತು. ಈಗ ಭಾರತೀಯ ಎಂಜಿನಿಯರರ ಮುಂದೆ ಅದಕ್ಕಿಂತ ಬಹು ದೊಡ್ಡ ಗುರಿಯೊಂದಿತ್ತು: ಎರಡು ಜೆಟ್ ಎಂಜಿನ್ನುಗಳ, ಶಬ್ದದ ವೇಗವನ್ನು ಮೀರಬಲ್ಲ ಯುದ್ಧವಿಮಾನವೊಂದನ್ನು ಸ್ವದೇಶದಲ್ಲಿಯೇ ವಿನ್ಯಾಸ ಮಾಡುವುದು. ಅದಕ್ಕೆ ಎಚ್‌ಎಫ್-೨೪ ಎಂಬ ಸಂಖ್ಯೆಯೂ, ಗಾಳಿಯ ದೇವತೆಗಳನ್ನು ನೆನಪಿಸುವ 'ಮಾರುತ್' ಎಂಬ ಹೆಸರೂ ದೊರೆತವು.

ಅಂಟಿನ ಕಹಿಯನ್ನು ಉಂಡಿದ್ದ ಟಾಂಕರು ಬೆಂಗಳೂರಿನಲ್ಲಿ ಮೊದಲು ಮಾಡಿಸಿದ್ದೇನು? ಒಂದು ಮಾದರಿಯನ್ನು, ಅದೂ ಮರದಿಂದ! ಆದರೆ ಅದು ಮೇಜಿನ ಮೇಲಿಡುವ ಮಾದರಿಯಲ್ಲ. ಮುಂದೆ ಬರಲಿರುವ ಮಾರುತದಷ್ಟೇ ದೊಡ್ಡದಾದ, ಅಂದರೆ ೧:೧ ಪ್ರಮಾಣದ, ಎಂಜಿನ್ನಿಲ್ಲದ ಮರದ ವಿಮಾನವದು. ೧೯೫೯ರ ಏಪ್ರಿಲ್ ತಿಂಗಳಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದು ಆಕಾಶಕ್ಕೇರಿಸಿತು. ಮೇಲೆ ಹಗ್ಗವನ್ನು ಕಳಚಿದಾಗ ಅದು ತೇಲುತ್ತ ಕೆಳಗಿಳಿಯಿತು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಅದನ್ನು ಹಾರಿಸಿ, ಕಡಿಮೆ ವೇಗದಲ್ಲಿ ವಿಮಾನವು ಹೇಗೆ ನಡೆದುಕೊಳ್ಳುವುದೆಂಬುದನ್ನು ಚಾಲಕರು ಅರಿತುಕೊಂಡರು.

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಚಿಕ್ಕ ಮಾದರಿಯಿಂದ ತಿಳಿಯಬಹುದಾದುದಕ್ಕೆ ಇಷ್ಟು ದೊಡ್ಡ ಮಾದರಿ ಏಕೆ? ಇದರ ಉತ್ತರವು ಗಣಿತದಲ್ಲಿದೆ. ೧:೩೩ ಪ್ರಮಾಣದ ಮಾದರಿಯಲ್ಲಿ ಉದ್ದವು ಮೂವತ್ತಮೂರನೆಯ ಒಂದು ಭಾಗವಾಗುತ್ತದೆ. ಆದರೆ ರೆಕ್ಕೆಯ ವಿಸ್ತೀರ್ಣವು ೩೩ರ ವರ್ಗದಷ್ಟು, ಅಂದರೆ ೧,೦೮೯ ಪಟ್ಟು, ಕುಗ್ಗುತ್ತದೆ. ಗಾತ್ರವು ೩೩ರ ಘನದಷ್ಟು, ಅಂದರೆ ೩೫,೯೩೭ ಪಟ್ಟು, ಕುಗ್ಗುತ್ತದೆ. ೯,೦೦೦ ಕಿಲೋಗ್ರಾಂ ತೂಗುವ ಒಂದು ವಿಮಾನವನ್ನು ಅದೇ ವಸ್ತುಗಳಿಂದ ಈ ಪ್ರಮಾಣದಲ್ಲಿ ಕುಗ್ಗಿಸಿದರೆ ಅದರ ತೂಕವು ಕೇವಲ ೨೫೦ ಗ್ರಾಂ ಆದೀತು. ಅದರ ಪುಟ್ಟ ರೆಕ್ಕೆಗಳ ಪ್ರತಿಯೊಂದು ಅಂಗುಲದ ಮೇಲೆ ಬೀಳುವ ಹೊರೆ ಬಹು ಕಡಿಮೆ. ಆದುದರಿಂದ ಚಿಕ್ಕ ಮಾದರಿಯು ಗಟ್ಟಿಯಾಗಿದ್ದ ಮಾತ್ರಕ್ಕೆ ದೊಡ್ಡ ವಿಮಾನವೂ ಗಟ್ಟಿಯಾಗಿರುವುದೆಂದು ತಿಳಿಯುವಂತಿಲ್ಲ. ಇರುವೆಯು ತನಗಿಂತ ಭಾರವಾದ ಕಾಳನ್ನು ಹೊರುತ್ತದೆ. ಇರುವೆಯನ್ನು ಆನೆಯಷ್ಟು ಹಿಗ್ಗಿಸಿದರೆ ಅದರ ಕಾಲುಗಳು ಅದರ ಮೈಯನ್ನೇ ಹೊರಲಾರವು. ಗಾಳಿಯ ವರ್ತನೆಯೂ ಗಾತ್ರ ಬದಲಾದಂತೆ ಬದಲಾಗುತ್ತದೆ. ಚಿಕ್ಕ ಮಾದರಿಯು ಆಕಾರದ ವಿಷಯದಲ್ಲಿ ಸತ್ಯವನ್ನೇ ನುಡಿಯುತ್ತದೆ. ಬಲದ ವಿಷಯದಲ್ಲಿ ಅದರ ಮಾತನ್ನು ಲೆಕ್ಕ ಹಾಕಿಯೇ ಕೇಳಬೇಕು. ಇಂದಿಗೂ ವಿಮಾನಶಿಲ್ಪಿಗಳು ಗಾಳಿಸುರಂಗಗಳಲ್ಲಿ ಚಿಕ್ಕ ಮಾದರಿಗಳನ್ನು ನಿಲ್ಲಿಸಿ ಪರೀಕ್ಷಿಸುತ್ತಾರೆ. ಆದರೆ ಈ ಲೆಕ್ಕವನ್ನು ಅವರು ಎಂದೂ ಮರೆಯುವುದಿಲ್ಲ.

೧೯೬೧ರ ಜೂನ್ ೧೭ರಂದು ಲೋಹದ ಮಾರುತವು ಬೆಂಗಳೂರಿನ ಆಕಾಶಕ್ಕೇರಿತು. ಅದನ್ನು ನಡೆಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಮರದ ಮಾದರಿಯು ಕೊಟ್ಟಿದ್ದ ಭರವಸೆಯು ಸುಳ್ಳಾಗಲಿಲ್ಲ. ಮಾರುತದ ಒಡಲು ದೃಢವಾದುದೆಂದೂ ಅದರ ನಡವಳಿಕೆ ಸುಗಮವಾದುದೆಂದೂ ಚಾಲಕರು ಮೆಚ್ಚಿದರು. ಆದರೆ ಮಾದರಿಯು ಹೇಳಲಾರದ ಸಂಗತಿಯೊಂದಿತ್ತು. ಅದಕ್ಕೆ ಎಂಜಿನ್ನೇ ಇರಲಿಲ್ಲ! ಮಾರುತಕ್ಕೆಂದು ಎಣಿಸಿದ್ದ ಹೆಚ್ಚು ಬಲದ ಬ್ರಿಟಿಷ್ ಎಂಜಿನ್ನಿನ ಅಭಿವೃದ್ಧಿಯು ನಡುವೆಯೇ ನಿಂತುಹೋಯಿತು. ಕಡಿಮೆ ಬಲದ ಆರ್ಫಿಯಸ್ ಎಂಜಿನ್ನುಗಳಿಂದಲೇ ತೃಪ್ತಿಪಡಬೇಕಾಯಿತು. ಹೀಗಾಗಿ ಮಾರುತವು ಶಬ್ದದ ವೇಗದ ಸಮೀಪಕ್ಕೆ ಬಂದರೂ ನೇರ ಹಾರಾಟದಲ್ಲಿ ಅದನ್ನು ದಾಟಲಾರದೆ ಹೋಯಿತು. ಟಾಂಕರು ೧೯೬೭ರಲ್ಲಿ ಭಾರತವನ್ನು ಬಿಟ್ಟು ತೆರಳಿದರು. ಕೊರತೆಯನ್ನು ನೀಗುವ ಪ್ರಯತ್ನವನ್ನು ಇಲ್ಲಿಯವರು ಬಿಡಲಿಲ್ಲ. ೧೯೭೦ರ ಜನವರಿಯಲ್ಲಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿದ ಮಾರುತವೊಂದನ್ನು ಪರೀಕ್ಷಿಸುತ್ತಿದ್ದಾಗ, ಆಗ ಗ್ರೂಪ್ ಕ್ಯಾಪ್ಟನ್ ಆಗಿದ್ದ ಸುರಂಜನ್ ದಾಸರು ಅಪಘಾತದಲ್ಲಿ ಪ್ರಾಣವನ್ನು ಕಳೆದುಕೊಂಡರು. ಬೆಂಗಳೂರಿನ ವಿಮಾನ ಕಾರ್ಖಾನೆಯ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ದಿನವೂ ಆ ರಸ್ತೆಯಲ್ಲಿ ಸಾವಿರಾರು ಜನ ಓಡಾಡುತ್ತಾರೆ. ಒಂದು ಹೊಸ ಯಂತ್ರದ ಗುಣದೋಷಗಳನ್ನು ಉಳಿದವರಿಗಾಗಿ ಮೊದಲು ಅರಿಯಹೊರಟವನ ಹೆಸರದು ಎಂಬುದನ್ನು ಅವರಲ್ಲಿ ಎಷ್ಟು ಜನ ಬಲ್ಲರೋ!

ಒಟ್ಟು ೧೪೭ ಮಾರುತಗಳು ತಯಾರಾದವು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ನೆಲಕ್ಕೆ ಸಮೀಪವಾಗಿ ಹಾರಿ ಕಾದಿದವು. ಗುಂಡು ತಗಲಿ ಒಂದು ಎಂಜಿನ್ನು ಕೆಟ್ಟರೂ ಇನ್ನೊಂದರ ಬಲದಿಂದ ಚಾಲಕನನ್ನು ನೆಲೆಗೆ ಮರಳಿ ತಂದ ಮಾರುತಗಳುಂಟು. ಒಡಲು ಗಟ್ಟಿಯಾಗಿದ್ದುದರ ಬೆಲೆ ಆಗ ತಿಳಿಯಿತು. ೧೯೯೦ರ ವೇಳೆಗೆ ಅವು ಸೇವೆಯಿಂದ ನಿವೃತ್ತವಾದವು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿಯೂ ವಿಮಾನ ಕಾರ್ಖಾನೆಯ ವಸ್ತುಸಂಗ್ರಹಾಲಯದಲ್ಲಿಯೂ ಮಾರುತವನ್ನು ಕಾಣಬಹುದು. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದ ವಿದ್ಯಾರ್ಥಿಯು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬಂದರೆ ಸಾಲದು. ರೆಕ್ಕೆಯು ಒಡಲನ್ನು ಕೂಡುವ ಸ್ಥಳವನ್ನು, ಹೊದಿಕೆಯ ತಗಡು ಯಾವ ದಿಕ್ಕಿಗೆ ಬಾಗಿದೆಯೆಂಬುದನ್ನು, ಮೂಗಿನ ಗಾಲಿ ಎಲ್ಲಿದೆಯೆಂಬುದನ್ನು ಅವನು ನಿಂತು ನೋಡಬೇಕು. ಒಂದು ಸಲವಾದರೂ ಕಾಗದದ ವಿಮಾನವನ್ನು ಮಾಡಿದವನಿಗೆ ಆ ನೋಟವು ತಾನಾಗಿಯೇ ಬರುತ್ತದೆ.

ಕಾಗದದ ಮಾದರಿಯು ಹಾರುವುದಿಲ್ಲ. ಅದರ ಅಂಟು ಬಿಟ್ಟರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ. ತಪ್ಪಿದ ತುಣುಕನ್ನು ಎಸೆದು ಮತ್ತೊಂದನ್ನು ಕತ್ತರಿಸಬಹುದು; ನಷ್ಟವಾಗುವುದು ಅರ್ಧ ಹಾಳೆ, ಒಂದು ಸಂಜೆ. ತಪ್ಪಿನ ಬೆಲೆಯು ಇಷ್ಟು ಅಗ್ಗವಾಗಿರುವಲ್ಲಿಯೇ ತಪ್ಪುಗಳನ್ನು ಮಾಡಿ ಕಲಿಯುವುದು ಜಾಣತನ. ಆದರೆ ಕೈಗಳಿಗೆ ಅಭ್ಯಾಸವಾಗುವುದು ಈ ಎಳೆಯ ವಯಸ್ಸಿನಲ್ಲಿಯೇ. ಕಾಣದ ಜಾಗದಲ್ಲಿ ಅಂಟನ್ನು ಸರಿಯಾಗಿ ಹಚ್ಚಿದ ಕೈಯು ಮುಂದೆ ಸೇತುವೆಗೆ ಸಿಮೆಂಟನ್ನು ಕಲಸುವಾಗಲೂ, ಯಂತ್ರದ ತಿರುಪನ್ನು ಬಿಗಿಯುವಾಗಲೂ, ರೋಗಿಯ ಗಾಯವನ್ನು ಹೊಲಿಯುವಾಗಲೂ ಅದೇ ಎಚ್ಚರದಿಂದ ನಡೆಯುತ್ತದೆ. 'ಒಳಗಿನದು ಯಾರಿಗೆ ಕಾಣುತ್ತದೆ?' ಎಂದು ನುಣುಚಿಕೊಂಡ ಕೈಯೂ ತನ್ನ ಅಭ್ಯಾಸವನ್ನು ಮರೆಯುವುದಿಲ್ಲ.

ಗಳಗನಾಥದ ದೇವಾಲಯವನ್ನು ಕಟ್ಟಿದವರ ಕೌಶಲವನ್ನು ಇಂದು ಹೊರಗಿನ ಕೆತ್ತನೆಯಲ್ಲಿ ಎಲ್ಲರೂ ಕಾಣುತ್ತಾರೆ. ಆದರೆ ಕಲ್ಲಿನ ಮೇಲೆ ಕಲ್ಲು ಕೂರುವ, ಯಾರ ಕಣ್ಣಿಗೂ ಬೀಳದ ಒಳಮೈಗಳನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಸಮ ಮಾಡಿದ್ದರು. ಆ ದೇವಾಲಯವು ನದಿಯ ದಂಡೆಯ ಮೇಲೆ ಇಂದಿಗೂ ನಿಂತಿರುವುದಕ್ಕೆ ಆ ಕಾಣದ ಕೆಲಸವೇ ಕಾರಣ.